ಗಾಡಿಯ ಹೊಟ್ಟೆ, ಡ್ರೈವರ್‌ ಹೊಟ್ಟೆ: ಪುಟ್ಟ ಆಫ್‌ರೋಡರ್ ವಿನ್ಯಾಸ ಮತ್ತು ಮನೆ ವ್ಯಾಯಾಮ, ನನ್ನ ಅನುಭವ

ಹಗಲು ನನಗೆ ಕಂಪನಿ ಕೆಲಸ. ಕಾರುಗಳ ಸೀಟ್ ರೈಲು, ಬ್ರಾಕೆಟ್ಟು, ಬಾಗಿಲಿನ ಒಳಭಾಗ, ಇಂಥವನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ. ಸಂಜೆ ಮತ್ತು ಭಾನುವಾರ ನನ್ನದೇ ಒಂದು ಕೆಲಸ ಇದೆ. ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ಒಂದು ರೂಮು ಮತ್ತು ಟೆರೇಸ್‌ನಲ್ಲಿ ಪುಟ್ಟ ಎಲೆಕ್ಟ್ರಿಕ್ ಆಫ್‌ರೋಡ್ ಗಾಡಿಯ, ಅಂದರೆ ಕಲ್ಲು ಮಣ್ಣಿನ ದಾರಿಯಲ್ಲೂ ಓಡುವ ಗಾಡಿಯ, ಕಾನ್ಸೆಪ್ಟ್ (ಮಾದರಿ ವಿನ್ಯಾಸ) ತಯಾರು ಮಾಡುತ್ತಿದ್ದೇನೆ. ಅದೇ ರೂಮಿನಲ್ಲಿ ದಿನಾ ಬೆಳಿಗ್ಗೆ ಹೊಟ್ಟೆ ಮತ್ತು ಸೊಂಟದ ವ್ಯಾಯಾಮ. ಇವೆರಡೂ ಬೇರೆ ಬೇರೆ ಕಾರಣಕ್ಕೆ ಶುರುವಾದವು. ಆದರೆ ಒಂದು ಹಂತದಲ್ಲಿ ವ್ಯಾಯಾಮದಿಂದ ಕಲಿತದ್ದು ನೇರವಾಗಿ ಗಾಡಿಯ ಸೀಟಿಗೆ, ಕಿಟಕಿಗೆ, ಹಿಡಿಗೆ ಬಂದು ಕೂತಿತು. ಅದು ಹೇಗೆ ಅಂತ ಬರೆಯೋಣ ಅನ್ನಿಸಿತು. ಈ ಎರಡರಲ್ಲಿ ಒಂದನ್ನು ಮಾಡುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಗಾಡಿ. ಆಫ್‌ರೋಡ್ ಗಾಡಿ ಅಂದ ತಕ್ಷಣ ಎಲ್ಲರೂ ದೊಡ್ಡ ಟೈರು, ಎತ್ತರ, ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಅತಿ ಕೆಳಗಿನ ಭಾಗಕ್ಕೂ ಇರುವ ಅಂತರ) ಅನ್ನುತ್ತಾರೆ. ನನ್ನ ಪ್ರಕಾರ ಪುಟ್ಟ ಗಾಡಿಯ ನಿಜವಾದ ಬಲ ಇರುವುದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಅದರ ಹೊಟ್ಟೆಯಲ್ಲಿ. ದಿಣ್ಣೆಯೊಂದನ್ನು ಹತ್ತಿ ಇಳಿಯುವಾಗ ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ ಇರುತ್ತದಲ್ವಾ, ಆಗ ನೆತ್ತಿಗೆ ಹೊಟ್ಟೆ ತಾಗಿ ಗಾಡಿ ಕೂತುಬಿಡುತ್ತದೆ. ಹಾಗೆ ಕೂರದೆ ಎಷ್ಟು ಚೂಪಾದ ದಿಣ್ಣೆ ದಾಟಬಹುದು ಅನ್ನುವ ಅಳತೆಗೆ ಬ್ರೇಕ್‌ಓವರ್ ಕೋನ ಅನ್ನುತ್ತೇವೆ. ಲೆಕ್ಕ ಸುಲಭ. ಹೊಟ್ಟೆ ನೆಲದಿಂದ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟನ್ನು ವೀಲ್‌ಬೇಸಿನಿಂದ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರದಿಂದ ಭಾಗಿಸಿ, ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ಇನ್ವರ್ಸ್ ತೆಗೆದು, ಮತ್ತೆ ಎರಡರಿಂದ ಗುಣಿಸಿದರೆ ಕೋನ ಹೆಚ್ಚುಕಮ್ಮಿ ಸಿಗುತ್ತದೆ.

ಈ ಲೆಕ್ಕವನ್ನು ನಾನು ಮೊದಲು ಹಾಕಿ ನೋಡಿದ್ದು ಸುಜುಕಿ ಕಂಪನಿಯ ಪುಟ್ಟ ಆಫ್‌ರೋಡ್ ಗಾಡಿ ಜಿಮ್ನಿಗೆ. 2018ರಲ್ಲಿ ಬಂದ ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2250 ಮಿ.ಮೀ., ಕ್ಲಿಯರೆನ್ಸ್ 210 ಮಿ.ಮೀ. ಲೆಕ್ಕ ಹಾಕಿದರೆ 21 ಡಿಗ್ರಿ ಬರುತ್ತದೆ. ಕಂಪನಿ ಕೊಡುವ ಅಂಕಿ 28. ಏಳು ಡಿಗ್ರಿ ಎಲ್ಲಿಂದ ಬಂತು? ಆ 210 ಅಳೆಯುವುದು ಆಕ್ಸಲ್ (ಎಡಬಲದ ಚಕ್ರಗಳನ್ನು ಜೋಡಿಸುವ ದಂಡ) ನಡುವಿನ, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗುಂಡಿನ ಕೆಳಗೆ, ಅಂದರೆ ಚಕ್ರಗಳ ಸಾಲಿನಲ್ಲಿ. ಗಾಡಿಯ ನಡು ಅದಕ್ಕಿಂತ ಎಷ್ಟೋ ಮೇಲಿದೆ. 28 ಡಿಗ್ರಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಹೊಟ್ಟೆಯ ಎತ್ತರ ಸುಮಾರು 280 ಮಿ.ಮೀ. ಆಮೇಲೆ 2023ರಲ್ಲಿ ನಮ್ಮಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯನ್ನು ಹಿಡಿದೆ. ವೀಲ್‌ಬೇಸ್ 2590, ಕೋನ 24. ಹಿಂದಕ್ಕೆ ಲೆಕ್ಕ ಹಾಕಿದರೆ ಹೊಟ್ಟೆಯ ಎತ್ತರ 275ರ ಹತ್ತಿರ ಬಂತು. ನೋಡಿ, ಎರಡೂ ಗಾಡಿಯ ಹೊಟ್ಟೆ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿದೆ. ಹಿಂದಿನ ಸೀಟಿಗೆ ಜಾಗ ಮಾಡಲು 340 ಮಿ.ಮೀ. ಉದ್ದ ಮಾಡಿದ್ದಕ್ಕೆ ನಾಲ್ಕು ಡಿಗ್ರಿ ಕೈಬಿಟ್ಟು ಹೋಯಿತು. ಬ್ರೋಷರಿನ ಎರಡು ಸಾಲಿನಿಂದ ಇಷ್ಟು ತಿಳಿಯುತ್ತದೆ ಅಂತ ಗೊತ್ತಾದಾಗ ನನಗೆ ತುಂಬ ಖುಷಿಯಾಯಿತು. ಈಗಲೂ ಯಾವ ಹೊಸ ಗಾಡಿ ಬಂದರೂ ಮೊದಲು ಇದನ್ನೇ ಹಾಕಿ ನೋಡುತ್ತೇನೆ.

ನನ್ನ ಗಾಡಿಯ ಉದ್ದ 3400 ಮಿ.ಮೀ., ವೀಲ್‌ಬೇಸ್ 2200. ಎಲೆಕ್ಟ್ರಿಕ್ ಆದ್ದರಿಂದ ತಲೆನೋವು ಶುರುವಾಗುವುದು ಇಲ್ಲೇ. ಈಗಿನ ಎಲೆಕ್ಟ್ರಿಕ್ ಗಾಡಿಗಳಲ್ಲಿ ಬ್ಯಾಟರಿಯನ್ನು ಎರಡು ಆಕ್ಸಲ್‌ಗಳ ನಡುವೆ, ನೆಲಹಾಸಿನ ಕೆಳಗೆ, ಅಗಲವಾಗಿ ಹಾಸುತ್ತಾರೆ. ರಸ್ತೆಗೆ ಅದು ಸರಿ, ಭಾರ ಕೆಳಗಿರುತ್ತದೆ. ಆದರೆ ಆಫ್‌ರೋಡಿಗೆ ಮೇಲೆತ್ತಬೇಕಾದ ಹೊಟ್ಟೆಗೇ ಬ್ಯಾಟರಿ ಕಟ್ಟಿದ ಹಾಗಾಯಿತು. ಅಗಲ ಪ್ಯಾಕ್ ಹಾಕಿದರೆ ನನ್ನ ಗಾಡಿಯ ಹೊಟ್ಟೆ 220ಕ್ಕೆ ಇಳಿಯುತ್ತಿತ್ತು, ಕೋನ 22ರ ಆಸುಪಾಸು. ಅದಕ್ಕೆ ಪ್ಯಾಕನ್ನು ಚಿಕ್ಕದು ಮಾಡಿ, ಏಣಿಯ ಆಕಾರದ ಚಾಸಿಯ ಎರಡು ತೊಲೆಗಳ ಮಧ್ಯೆ ಮೇಲಕ್ಕೆ ಸಿಕ್ಕಿಸಿ, ಒಂದು ಭಾಗವನ್ನು ಹಿಂದಿನ ಸೀಟಿನ ಅಡಿಗೆ ತಳ್ಳಿದೆ. ಈಗ ಹೊಟ್ಟೆ 290, ಕೋನ 29ಕ್ಕಿಂತ ತುಸು ಜಾಸ್ತಿ. ಓಡುವ ದೂರ ಕಮ್ಮಿಯಾಯಿತು. ವಾರಕ್ಕೊಮ್ಮೆ ರಾಮನಗರದ ಬಂಡೆ ಕಡೆಗೋ ಚಿಕ್ಕಬಳ್ಳಾಪುರದ ಮಣ್ಣು ದಾರಿಗೋ ಹೋಗಿ ಬರುವ ಗಾಡಿಗೆ ಇಷ್ಟು ಸಾಕು ಅನ್ನುವುದು ನನ್ನ ತೀರ್ಮಾನ. 2017ರ ಟೋಕಿಯೊ ಮೋಟಾರ್ ಶೋನಲ್ಲಿ ಸುಜುಕಿ ತೋರಿಸಿದ್ದ ಇ-ಸರ್ವೈವರ್ ಕಾನ್ಸೆಪ್ಟ್ ಕೂಡ ಎಲೆಕ್ಟ್ರಿಕ್ ಆಗಿದ್ದರೂ ಏಣಿ ಚಾಸಿಯನ್ನು ಬಿಟ್ಟಿರಲಿಲ್ಲ. ನಮ್ಮ ಊರಿನಲ್ಲೇ ಹುಟ್ಟಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ನೆನಪಿದೆಯಾ? ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಚಿಕ್ಕ ಗಾಡಿಯ ಬಾಡಿಯನ್ನು ಹಗುರ ಮಾಡುವ ಆ ದಾರಿ ನನಗೆ ಈಗಲೂ ಇಷ್ಟ. ನನ್ನ ಕಾನ್ಸೆಪ್ಟಿನ ಬಾಗಿಲು, ಫೆಂಡರ್ (ಚಕ್ರದ ಮೇಲಿನ ಹೊದಿಕೆ) ಎಲ್ಲಾ ಬಿಚ್ಚಿ ಬದಲಿಸುವ ಪ್ಲಾಸ್ಟಿಕ್ಕೇ.

ಇನ್ನು ವ್ಯಾಯಾಮದ ವಿಷಯ.

ಹಗಲಿಡೀ ಕುರ್ಚಿ, ಸಂಜೆ ಕ್ಲೇ. ನನ್ನ ಗಾಡಿಯ ಹತ್ತರಲ್ಲಿ ಒಂದರ ಅಳತೆಯ ಮಾಡೆಲ್ ಅದು. ಒಳಗೆ ಥರ್ಮಾಕೋಲ್, ಮೇಲೆ ಇಂಡಸ್ಟ್ರಿಯಲ್ ಕ್ಲೇ. ಇದು ಮಕ್ಕಳ ಕ್ಲೇ ಥರ ಅಲ್ಲ, ತಣ್ಣಗಿದ್ದಾಗ ಗಟ್ಟಿ. ಹಳೇ ಓವನ್‌ನಲ್ಲಿ 60 ಡಿಗ್ರಿ ಹತ್ತಿರ ಬಿಸಿ ಮಾಡಿ, ಬೆರಳಿನಿಂದ ಒತ್ತಿ ಮೆತ್ತಬೇಕು. ಆರಿದ ಮೇಲೆ ಹಲ್ಲಿನ ರೇಕ್‌ನಿಂದ ಕೆರೆದು, ಆಮೇಲೆ ತೆಳು ಉಕ್ಕಿನ ಪಟ್ಟಿಯಿಂದ ನುಣುಪು ಮಾಡಬೇಕು. ಒಂದು ಫೆಂಡರಿನ ಅಂಚು ಸರಿಯಾಗಿ ಬರುವವರೆಗೆ ಬಗ್ಗಿಕೊಂಡೇ ಇರಬೇಕು, ಬಗ್ಗಿ ಜೊತೆಗೆ ತಿರುಗಿಕೊಂಡು, ಒಂದು ಕಣ್ಣು ಮುಚ್ಚಿ ಗೆರೆ ನೋಡುತ್ತಾ. ಸೊಂಟ ಹಿಡಿದುಕೊಳ್ಳಲು ಇನ್ನೇನು ಬೇಕು? ನೋವು ಕಾಲಿಗೆ ಇಳಿಯುತ್ತಿರಲಿಲ್ಲ, ಅದೊಂದು ಪುಣ್ಯ. ತೋರಿಸಿದಾಗ ಫಿಸಿಯೋಥೆರಪಿಸ್ಟ್ ಹೇಳಿದ್ದು ಇಷ್ಟೇ: "ನಿಮ್ಮ ಹೊಟ್ಟೆಗೆ ಬಗ್ಗೋದು ಚೆನ್ನಾಗಿ ಬರುತ್ತೆ ಸರ್, ಬಗ್ಗದೆ ತಡೆದು ನಿಲ್ಲೋದು ಬರ್ತಿಲ್ಲ. ಅದನ್ನ ಕಲಿಸೋಣ."

ಆ ಮಾತಿನ ಹಿಂದೆ ದೊಡ್ಡ ಕೆಲಸ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿದ್ದ ಸ್ಟುವರ್ಟ್ ಮೆಕ್‌ಗಿಲ್ ಬೆನ್ನುಮೂಳೆಯ ಮೇಲೆ ಬೀಳುವ ಭಾರವನ್ನು ದಶಕಗಳ ಕಾಲ ಅಳೆದವರು. ನಾವೆಲ್ಲ ಶಾಲೆಯ ಪಿ.ಟಿ. ಪೀರಿಯಡ್‌ನಲ್ಲಿ ಮಾಡುತ್ತಿದ್ದ ಸಿಟಪ್ ಇದೆಯಲ್ಲ, ಅದರಲ್ಲಿ ಬೆನ್ನಿನ ಮೇಲೆ ಸುಮಾರು 3300 ನ್ಯೂಟನ್ ಒತ್ತಡ ಬೀಳುತ್ತದೆ ಅಂತ ಅವರ ಲೆಕ್ಕ. ಭಾರ ಎತ್ತುವ ಕೆಲಸಕ್ಕೆ ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿರುವ ಮಿತಿಯೇ 3400 ನ್ಯೂಟನ್. ಒಂದೊಂದು ಸಿಟಪ್‌ಗೂ ಆ ಗಡಿಯ ಹತ್ತಿರ ಹೋಗಿ ಬರುವ ಅಗತ್ಯ ನನಗಂತೂ ಕಾಣಲಿಲ್ಲ. ಮೆಕ್‌ಗಿಲ್ ಹೇಳುವ ಮೂರು ವ್ಯಾಯಾಮಗಳಲ್ಲಿ ಬೆನ್ನು ಬಗ್ಗುವುದಿಲ್ಲ. ಸುತ್ತಲಿನ ಸ್ನಾಯು ಬಿಗಿಯುತ್ತದೆ, ಬೆನ್ನು ಇದ್ದಲ್ಲೇ ಇರುತ್ತದೆ. ಚಾಸಿ ಬಿಡಿಸುವವನಿಗೆ ಇದು ತಕ್ಷಣ ತಲೆಗೆ ಹೋಗುತ್ತದೆ. ಒಂದು ಚಕ್ರ ಬಂಡೆ ಮೇಲೆ, ಇನ್ನೊಂದು ಗುಂಡಿಯಲ್ಲಿದ್ದಾಗ ಚಾಸಿ ತಿರುಚಿಕೊಳ್ಳಬಾರದು, ಚಲನೆ ಎಲ್ಲಾ ಸಸ್ಪೆನ್ಷನ್‌ನಲ್ಲೇ ಮುಗಿಯಬೇಕು. ದೇಹದಲ್ಲೂ ಅಷ್ಟೇ, ಚಲನೆ ಸೊಂಟದ ಕೀಲಲ್ಲಿ, ಭುಜದಲ್ಲಿ ಆಗಬೇಕು.

ನಾನು ಮಾಡುವ ರೀತಿ ಹೇಳುತ್ತೇನೆ. ನೆಲದ ಮೇಲೆ ಜಮಖಾನ, ಅದರ ಮೇಲೆ ಯೋಗ ಮ್ಯಾಟ್. ಎದ್ದ ತಕ್ಷಣ ಮಾಡುವುದಿಲ್ಲ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು (ಮೂಳೆಗಳ ನಡುವಿನ ಮೆತ್ತೆಗಳು) ನೀರು ಹೀರಿ ಉಬ್ಬಿರುತ್ತವೆ, ಆ ಹೊತ್ತಿಗೆ ಬಗ್ಗುವ ಕೆಲಸ ಬೆನ್ನಿಗೆ ಒಳ್ಳೆಯದಲ್ಲ. ಕಾಫಿ ಆಗಿ, ಸ್ವಲ್ಪ ಓಡಾಡಿ, ಒಂದು ಗಂಟೆ ಕಳೆದ ಮೇಲೆ ಶುರು.

ಮೊದಲು ಕರ್ಲ್‌ಅಪ್. ಅಂಗಾತ ಮಲಗಿ ಒಂದು ಮಂಡಿ ಮಡಿಸಿ, ಇನ್ನೊಂದು ಕಾಲು ನೇರ ಬಿಡುತ್ತೇನೆ. ಎರಡೂ ಅಂಗೈ ಸೊಂಟದ ಕಮಾನಿನ ಕೆಳಗೆ. ಈ ಅಂಗೈ ಮುಖ್ಯ, ಕಮಾನು ನೆಲಕ್ಕೆ ಒತ್ತಿ ಚಪ್ಪಟೆಯಾಗದ ಹಾಗೆ ಅದೇ ಕಾಯುತ್ತದೆ. ಆಮೇಲೆ ತಲೆ, ಕುತ್ತಿಗೆ, ಭುಜ ಮೂರನ್ನೂ ಒಟ್ಟಿಗೆ ನೆಲದಿಂದ ಒಂದಿಷ್ಟೇ ಎತ್ತುವುದು. ಗಲ್ಲ ಎದೆಗೆ ತಾಗಿಸಬಾರದು. ನೋಡುವವರಿಗೆ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಹತ್ತು ಸೆಕೆಂಡು ಹಿಡಿದು ನೋಡಿ, ಹೊಟ್ಟೆ ನಡುಗುತ್ತದೆ. ಮೊಣಕೈಗಳನ್ನೂ ನೆಲದಿಂದ ಎತ್ತಿದರೆ ಇನ್ನೂ ಕಷ್ಟ.

ಎರಡನೆಯದು ಪಕ್ಕದ ಪ್ಲ್ಯಾಂಕ್, ಅಂದರೆ ಒಂದು ಪಕ್ಕಕ್ಕೆ ಮಲಗಿ, ಮೊಣಕೈ ಊರಿ, ಸೊಂಟವನ್ನು ನೆಲದಿಂದ ಎತ್ತಿ ಹಿಡಿಯುವುದು. ಮೊದಮೊದಲು ಮಂಡಿ ಮಡಿಸಿಕೊಂಡೇ ಮಾಡಬೇಕು. ಮೊಣಕೈ ಭುಜದ ನೇರ ಕೆಳಗೆ ಇರಲಿ, ಇಲ್ಲದಿದ್ದರೆ ಭುಜ ನೋಯುತ್ತದೆ. ಮೂರನೆಯದು ಕೈಕಾಲು ಊರಿ, ಒಂದು ಕೈ ಮುಂದಕ್ಕೆ, ಎದುರು ಬದಿಯ ಕಾಲು ಹಿಂದಕ್ಕೆ ಚಾಚುವುದು. ಕಾಲನ್ನು ಮೇಲಕ್ಕೆ ಒದೆಯಬಾರದು, ಹಿಂದಕ್ಕೆ ತಳ್ಳಬೇಕು. ಬೆನ್ನ ಮೇಲೆ ತುಂಬಿದ ಚೊಂಬು ಇಟ್ಟ ಹಾಗೆ, ಒಂದು ಹನಿ ಚೆಲ್ಲಬಾರದು. ಯಾವುದನ್ನೂ ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಮೊದಲ ಸುತ್ತಿಗೆ ಆರು ಸಲ, ಮುಂದಿನದಕ್ಕೆ ನಾಲ್ಕು, ಕೊನೆಗೆ ಎರಡು. ಹೀಗೆ ಇಳಿಸುತ್ತಾ ಬಂದರೆ ದಣಿವಾದಾಗ ಭಂಗಿ ಕೆಡುವುದಿಲ್ಲ. ಉಸಿರು ಮಾತ್ರ ಕಟ್ಟಲೇಬಾರದು, ಬಿ.ಪಿ. ಇರುವವರಂತೂ ಇದನ್ನು ಮರೆಯಬಾರದು. ಹರ್ನಿಯಾ ಇದ್ದರೆ, ಹೊಸದಾಗಿ ಹೆರಿಗೆ ಆಗಿದ್ದರೆ, ನೋವು ಕಾಲಿಗೆ ಇಳಿಯುತ್ತಿದ್ದರೆ ಮೊದಲು ಡಾಕ್ಟರ್‌ಗೆ ತೋರಿಸಿ.

ಹೊಟ್ಟೆ ಕರಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕೊಬ್ಬು ಹೋಗುತ್ತದೆ ಅನ್ನುವುದು ನಿಜವಲ್ಲ. ಅದು ಊಟದ ಲೆಕ್ಕ, ಇಡೀ ದಿನದ ಓಡಾಟದ ಲೆಕ್ಕ. ನನಗೆ ಸಿಕ್ಕಿದ್ದು ಬೇರೆ. ಸಂಜೆ ಕ್ಲೇ ಮುಂದೆ ನಿಂತಾಗ ಸೊಂಟ ಮೊದಲಿನ ಹಾಗೆ ಹಿಡಿಯುವುದಿಲ್ಲ. ಜೊತೆಗೆ ಮಾಡೆಲ್ ಇಡುವ ಮೇಜನ್ನು ಮೊಣಕೈ ಎತ್ತರಕ್ಕೆ ಏರಿಸಿ, ಮಾಡೆಲ್ ಕೆಳಗೆ ತಿರುಗುವ ಹಲಗೆ ಹಾಕಿದೆ. ಈಗ ನಾನು ತಿರುಗುವುದಿಲ್ಲ, ಗಾಡಿ ತಿರುಗುತ್ತದೆ.

ಈಗ ಎರಡೂ ಸೇರಿದ ಜಾಗಕ್ಕೆ ಬರುತ್ತೇನೆ. ನನ್ನ ಗೆಳೆಯನ ಹತ್ತಿರ ಹಳೇ ಮಾರುತಿ ಜಿಪ್ಸಿ ಇದೆ. 1985ರಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ, ನಾಲ್ಕೂ ಕಡೆ ಪಟ್ಟಾ ಸ್ಪ್ರಿಂಗ್, ಹಿಂದೆ ಮುಂದೆ ಗಟ್ಟಿ ಆಕ್ಸಲ್, ಅಂದರೆ ಎಡಬಲದ ಚಕ್ರಗಳಿಗೆ ಒಂದೇ ಗಟ್ಟಿ ದಂಡ. ರಾಮನಗರದ ಕಡೆ ಕಲ್ಲು ದಾರಿಗೆ ಇಳಿದಾಗ ಅವನು ಹೇಳಿದ: "ಗುರು, ಸುಮ್ನೆ ಹಿಡಿ ಹಿಡ್ಕೊಂಡು ಕೂತ್ಕೋಬೇಡ, ನಿನ್ನ ದೇಹ ಎಲ್ಲಿ ಎಳೀತಿದೆ ನೋಡ್ಕೋ, ನಿನ್ನ ಗಾಡಿಗೆ ಬೇಕಾಗುತ್ತೆ." ಅವತ್ತು ಸೀಟಿನಲ್ಲಿ ಕೂತು ಗಮನಿಸಿದ್ದು ನನ್ನ ವಿನ್ಯಾಸವನ್ನೇ ಬದಲಿಸಿತು.

ಗಟ್ಟಿ ಆಕ್ಸಲ್‌ನಿಂದ ತುಂಬ ಲಾಭ ಇದೆ. ಒಂದು ಚಕ್ರ ಕಲ್ಲಿನ ಮೇಲೆ ಎದ್ದರೆ ಇನ್ನೊಂದು ಚಕ್ರ ನೆಲಕ್ಕೆ ಒತ್ತುತ್ತದೆ, ಡಿಫರೆನ್ಷಿಯಲ್ ಕೂಡ ಚಕ್ರದ ಜೊತೆಗೇ ಮೇಲೇಳುತ್ತದೆ. ಇಕ್ಕಟ್ಟಾದ ಪುಟ್ಟ ಗಾಡಿಗೆ ಒಂದೊಂದು ಚಕ್ರಕ್ಕೂ ಬೇರೆ ಬೇರೆ ತೋಳಿನ ಸಸ್ಪೆನ್ಷನ್ ಹಾಕಿದರೆ ತೋಳು ಗಿಡ್ಡವಾಗಿ ಚಕ್ರದ ಓಡಾಟ ಕಮ್ಮಿಯಾಗುತ್ತದೆ. ಅದಕ್ಕೇ ನಾನೂ ಗಟ್ಟಿ ಆಕ್ಸಲ್ಲೇ ಇಟ್ಟಿದ್ದೇನೆ. ಆದರೆ ಇದರ ಬೆಲೆ ತೆರುವುದು ಕೂತವನ ನಡು. 150 ಮಿ.ಮೀ. ಎತ್ತರದ ಕಲ್ಲಿನ ಮೇಲೆ ಒಂದೇ ಪಕ್ಕದ ಎರಡೂ ಚಕ್ರ ಹತ್ತಿದರೆ, ಎರಡು ಚಕ್ರದ ನಡುವೆ 1400 ಮಿ.ಮೀ. ಇರುವ ಗಾಡಿ ಆರು ಡಿಗ್ರಿ ವಾಲುತ್ತದೆ. ಅಗಲ ಗಾಡಿ ಇದಕ್ಕಿಂತ ಕಮ್ಮಿ ವಾಲುತ್ತದೆ. ತಲೆ ಅಷ್ಟು ಮೇಲಿರುವುದರಿಂದ ಸೊಂಟ ಸ್ವಲ್ಪ ಸರಿದರೆ ತಲೆ ಹತ್ತು ಹನ್ನೆರಡು ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ, ಮರುಕ್ಷಣ ಆಚೆ ಬದಿಗೆ. ಆಗ ನಿಮ್ಮನ್ನು ನೆಟ್ಟಗೆ ಹಿಡಿಯುವುದು ಪಕ್ಕದ ಪ್ಲ್ಯಾಂಕ್‌ನಲ್ಲಿ ನಡುಗುತ್ತದಲ್ಲ, ಅದೇ ಸ್ನಾಯು. ಅಂದರೆ ಪುಟ್ಟ ಗಾಡಿಯಲ್ಲಿ ಡ್ರೈವರ್‌ನ ನಡುವೂ ಸಸ್ಪೆನ್ಷನ್ನಿನ ಒಂದು ಭಾಗ. ಡಿಸೈನ್ ಮಾಡುವವನು ಅದಕ್ಕೂ ಜಾಗ ಕೊಡಬೇಕು.

ಮನೆಗೆ ಬಂದು ಟೆರೇಸ್ ಮೇಲೆ ಸೀಟಿಂಗ್ ಬಕ್ ಕಟ್ಟಿದೆ. ಪೂರ್ತಿ ಅಳತೆಯ ಗಾಡಿಯ ಒಳಭಾಗ ಅದು, ಬಾಡಿ ಇಲ್ಲದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಿಂದ ಪ್ಲೈವುಡ್, ಶಿವಾಜಿನಗರದ ಗುಜರಿಯಿಂದ ಹಳೇ ಸೀಟು, ಕಿಟಕಿಯ ಚೌಕಟ್ಟಿಗೆ ಪಿ.ವಿ.ಸಿ. ಪೈಪು. "ಬಟ್ಟೆ ಒಣಗಿಸೋಕೆ ಜಾಗ ಬಿಡೋ" ಅಂದರು ಅಮ್ಮ, ಆದರೆ ಮೊದಲು ಹತ್ತಿ ಕೂತವರೂ ಅವರೇ. ಕಾಲಿಡುವ ಎತ್ತರ ಜಾಸ್ತಿ ಆಯಿತು ಅಂತ ಅವರು ಹೇಳಿದ ಮೇಲೆ ಬಾಗಿಲಿನ ಕೆಳಗಿನ ತೊಲೆಯನ್ನು ಒಳಕ್ಕೆ ಸರಿಸಿ ಒಂದು ಮೆಟ್ಟಿಲು ಸೇರಿಸಿದೆ.

ಬಕ್ಕಿನ ಒಂದು ಪಕ್ಕಕ್ಕೆ ಇಟ್ಟಿಗೆ ಕೊಟ್ಟು ವಾಲಿಸಿ, ಕೂತು ನೋಡಿದೆ. ಕೈಯಿಂದ ಮೇಲಿನ ಹಿಡಿ ಹಿಡಿದರೆ ಭುಜ ಮೇಲಕ್ಕೆ ಎಳೆದು ಪಕ್ಕೆ ಸಡಿಲವಾಗುತ್ತದೆ. ಹಿಡಿಯನ್ನು ಎದೆಯ ಮಟ್ಟಕ್ಕೆ, ಡ್ಯಾಶ್‌ಬೋರ್ಡಿನ ಮೇಲೆ ಅಡ್ಡವಾಗಿ ಇಟ್ಟರೆ ಮೊಣಕೈ ಪಕ್ಕೆಗೆ ಅಂಟುತ್ತದೆ, ಪಕ್ಕೆ ತಾನಾಗಿ ಬಿಗಿಯುತ್ತದೆ. ಹಿಡಿ ಅಲ್ಲೇ ಉಳಿಯಿತು. ಎಡಗಾಲಿಗೆ ಅಗಲವಾದ ಮೆಟ್ಟು ಕೊಟ್ಟೆ. ಕಾಲು ಊರಲು ಜಾಗ ಇಲ್ಲದಿದ್ದರೆ ನಡು ಬಿಗಿಯಲು ಆಗುವುದೇ ಇಲ್ಲ, ಕಾಲು ತೇಲಿಸಿ ಪ್ರಯತ್ನ ಮಾಡಿದರೆ ನಿಮಗೇ ಗೊತ್ತಾಗುತ್ತದೆ. ಸೀಟಿನ ಪಕ್ಕದ ದಿಂಬುಗಳನ್ನು ಪಕ್ಕೆಲುಬಿನ ಹತ್ತಿರ ಎತ್ತರ ಮಾಡುವ ಬದಲು ಸೊಂಟದ ಮೂಳೆಯ ಹತ್ತಿರ ದಪ್ಪ ಮಾಡಿದೆ. ಬುಡ ಗಟ್ಟಿಯಾಗಿ ಕೂತರೆ ಮೇಲಿನದನ್ನು ಸ್ನಾಯು ನೋಡಿಕೊಳ್ಳುತ್ತದೆ. ಸೀಟಿನ ಫೋಮ್ ಮೆತ್ತಗಿದ್ದರೆ ಸುಖ ಅಂತ ಜನ ಅಂದುಕೊಳ್ಳುತ್ತಾರೆ. ಕೂತ ಮನುಷ್ಯನ ಬೆನ್ನು ಸೆಕೆಂಡಿಗೆ ಐದು ಸಲದ ಆಸುಪಾಸಿನ ಕುಲುಕಾಟಕ್ಕೆ ಅತಿ ಹೆಚ್ಚು ಅದುರುತ್ತದೆ, ಫೋಮ್ ಅದೇ ಕುಲುಕಾಟವನ್ನು ಇನ್ನಷ್ಟು ಹೆಚ್ಚಿಸಿದರೆ ಸುಖ ಹೋಗಲಿ, ನೋವೇ ಗತಿ. ಹಾಗಾಗಿ ತೆಳ್ಳಗಿನ ಗಟ್ಟಿ ಫೋಮ್, ಕೆಳಗೆ ಬಿಗಿದ ಪಟ್ಟಿಗಳು.

ಕಿಟಕಿ ನನಗೆ ಅತಿ ಮುಖ್ಯ ಅನ್ನಿಸಿದ್ದು. ಕಲ್ಲು ದಾರಿಯಲ್ಲಿ ಎಲ್ಲರೂ ತಲೆ ಹೊರಗೆ ಹಾಕಿ ಮುಂದಿನ ಚಕ್ರ ನೋಡುತ್ತಾರೆ. ಅಂದರೆ ಪಕ್ಕಕ್ಕೆ ಬಗ್ಗಿ, ಜೊತೆಗೆ ತಿರುಗಿ, ಕೆಳಗಿನಿಂದ ಕುಲುಕಾಟ. ಡಿಸ್ಕಿಗೆ ಇದಕ್ಕಿಂತ ಕೆಟ್ಟದ್ದು ಕಮ್ಮಿ. ಜಿಮ್ನಿಯ ಮುಂದಿನ ಕಿಟಕಿಯ ಕೆಳಗಿನ ಗೆರೆ ಮುಂಭಾಗದಲ್ಲಿ ತುಸು ಕೆಳಗೆ ಇಳಿದಿರುವುದನ್ನು ನೀವು ನೋಡಿರಬಹುದು. ಬಾನೆಟ್ ಚಪ್ಪಟೆಯಾಗಿ ಮೂಲೆಗಳು ಸೀಟಿನಿಂದ ಕಾಣುತ್ತವೆ, ಮುಂದಿನ ಕಂಬ ನೆಟ್ಟಗಿದೆ. ಇದು ಬರೀ ಹಳೇ ಕಾಲದ ಚಂದಕ್ಕೆ ಮಾಡಿದ್ದಲ್ಲ. ನನ್ನ ಗಾಡಿಯಲ್ಲಿ ಆ ಗೆರೆಯನ್ನು ಇನ್ನೂ ಕೆಳಗೆ ತಂದು, ಬಾಗಿಲಿನ ಕೆಳಭಾಗದಲ್ಲಿ ಒಂದು ಸಣ್ಣ ಗಾಜನ್ನೂ ಇಟ್ಟೆ. ಬಕ್ಕಿನಲ್ಲಿ ಕೂತು ನೆಲದ ಮೇಲೆ ಇಟ್ಟಿಗೆ ಇಡಿಸಿ, ಬೆನ್ನು ಸೀಟಿಗೆ ಅಂಟಿಸಿಕೊಂಡೇ ಇಟ್ಟಿಗೆ ಕಾಣುತ್ತದಾ ಅಂತ ನೋಡುತ್ತಾ ಪೈಪನ್ನು ಕೆಳಗಿಳಿಸುತ್ತಾ ಹೋದೆ. ಕಾಣುವಲ್ಲಿಗೆ ನಿಲ್ಲಿಸಿ ಮಾರ್ಕರ್‌ನಿಂದ ಗೆರೆ ಹಾಕಿದೆ. ಕ್ಲೇ ಮಾಡೆಲ್‌ನಲ್ಲಿ ಈಗ ಇರುವುದು ಆ ಗೆರೆಯೇ. ಇದರಿಂದ ಪಕ್ಕದ ನೋಟದಲ್ಲಿ ಬಾಗಿಲು ತೆಳ್ಳಗೆ, ಚಕ್ರದ ಕಮಾನು ದಪ್ಪಗೆ ಕಾಣುತ್ತದೆ. ನನಗೆ ಆ ಮುಖ ತುಂಬ ಹಿಡಿಸಿದೆ.

ನಾಲ್ಕು ಮೀಟರಿನ ವಿಷಯ ಒಂದು ಮಾತಲ್ಲಿ ಹೇಳಿಬಿಡುತ್ತೇನೆ. ನಮ್ಮಲ್ಲಿ 2006ರಿಂದ ನಾಲ್ಕು ಮೀಟರಿಗಿಂತ ಗಿಡ್ಡ ಗಾಡಿಗಳಿಗೆ ಎಂಜಿನ್ ಗಾತ್ರ ನೋಡಿ ತೆರಿಗೆ ಕಮ್ಮಿ ಇದೆ, ಹಾಗಾಗಿ 3985, 3995 ಅನ್ನುವ ಅಂಕಿಗಳನ್ನು ನಾವು ಪದೇ ಪದೇ ನೋಡುತ್ತೇವೆ. ಎಲೆಕ್ಟ್ರಿಕ್ ಗಾಡಿಗೆ ಆ ಕಟ್ಟು ಇಲ್ಲ. ಆದರೂ 3400ಕ್ಕೆ ನಿಂತೆ, ಕಾರಣ ಗಾಡಿ ಉದ್ದವಾದರೆ ಕಾಡುದಾರಿಯ ಹಿಮ್ಮುರಿ ತಿರುವಿನಲ್ಲೂ ಕಷ್ಟ, ನಮ್ಮ ಬೀದಿಯಲ್ಲಿ ನಿಲ್ಲಿಸಲೂ ಕಷ್ಟ.

ಇನ್ನೂ ಬಗೆಹರಿಯದ ಒಂದು ವಿಷಯ ಸ್ಟೆಪ್ನಿ. ಹಿಂಬಾಗಿಲಿಗೆ ನೇತುಹಾಕಿದರೆ ಭಾರ ಆಕ್ಸಲ್‌ನ ಹಿಂದೆ ಹೋಗುತ್ತದೆ, ಬಾಗಿಲಿನ ಕೀಲು ದಪ್ಪ ಮಾಡಬೇಕು. ಕೆಳಗೆ ಹಾಕಿದರೆ ಇಳಿಯುವಾಗ ನೆಲಕ್ಕೆ ತಾಗುತ್ತದೆ. ಒಳಗೆ ಇಟ್ಟರೆ ಸಾಮಾನಿಗೆ ಜಾಗ ಇಲ್ಲ, ಮೇಲಾಗಿ ಬಗ್ಗಿ ಎತ್ತಿ ಹೊರಗೆ ತೆಗೆಯುವುದು ಸೊಂಟಕ್ಕೆ ಕೆಟ್ಟದ್ದು. ಈಗ ಹಿಂಬಾಗಿಲಿನಲ್ಲೇ ಇಟ್ಟು, ಚಕ್ರದ ನಡುವನ್ನು ನಿಂತವನ ಸೊಂಟದ ಮಟ್ಟಕ್ಕೆ ತಂದಿದ್ದೇನೆ, ಎತ್ತದೆ ಹಾಗೇ ಜಾರಿಸಿ ಇಳಿಸಬಹುದು. ಮುಂದಿನ ಭಾನುವಾರ ಬಕ್ಕಿಗೆ ನಿಜವಾದ ಚಕ್ರ ಕಟ್ಟಿ, ಬಿಚ್ಚಿ ಇಳಿಸಿ ನೋಡಬೇಕು. ಗೆಳೆಯ ಜಿಪ್ಸಿಯ ಸ್ಟೆಪ್ನಿ ತರುತ್ತೇನೆ ಅಂದಿದ್ದಾನೆ.